ಬಲಗಡೆ ಮಾನಿಟರ್ ಬರದಿದ್ದರೆ

ಮಧು,

ಇಂಟರ್‌ವ್ಯೂ ಹತ್ತಕ್ಕೆ. ಒಂಬತ್ತಕ್ಕೇ ಕಂಪ್ಯೂಟರ್ ಹಾಕು. ಮೊದಲು ಎರಡೂ ಮಾನಿಟರ್, ಆಮೇಲೆ ಸಿಪಿಯು. ನಿನ್ನೆ ಅವಸರದಲ್ಲಿ ನೀನು ಸಿಪಿಯು ಮೊದಲು ಒತ್ತಿದ್ದಕ್ಕೇ ಬಲಗಡೆಯದು ಕಪ್ಪಗೆ ಉಳಿಯಿತು.

ಇವತ್ತೂ ಬರದಿದ್ದರೆ ಗಾಬರಿಯಾಗಬೇಡ. ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸು. ಆಗಲೂ ಬರದಿದ್ದರೆ ಮಾನಿಟರ್ ಹಿಂದಿನ ಕೇಬಲ್ ಕಿತ್ತು ಮತ್ತೆ ಗಟ್ಟಿಯಾಗಿ ಸಿಕ್ಕಿಸು. ಅದು ಸಡಿಲವಾಗಿದೆ.

ಒಂದೇ ಪರದೆಯಲ್ಲಿ ಸುಧಾರಿಸುತ್ತೇನೆ ಅನ್ನಬೇಡ. ಪ್ರಶ್ನೆ ಕೇಳುವವರು ಎಡಗಡೆ ಇರಲಿ. ಅವರ ಮಾತನ್ನು ನಿನಗೆ ಕೈಸನ್ನೆಯಲ್ಲಿ ಹೇಳುವ ಲುಬ್ನಾ ಮೇಡಂ ಬಲಗಡೆ, ಪರದೆ ತುಂಬ ಕಾಣಬೇಕು. ಹೋದ ಸಲ ಅವರ ಬೆರಳು ಚಿಕ್ಕದಾಗಿ ಕಂಡು ಪ್ರಶ್ನೆಯೇ ತಪ್ಪಿಹೋಯಿತು, ಕೇಳಿದವರು ನಿನಗೆ ಉತ್ತರ ಗೊತ್ತಿಲ್ಲ ಅಂದುಕೊಂಡರು.

ಅಮ್ಮ ನಿನ್ನೆಯಿಂದ ಒಂದೇ ಸಮ, “ಮಣಿ, ನೀನ್ ಅವ್ಳ ಪಕ್ಕದಲ್ಲೇ ಕೂತ್ಕೊಳ್ಳೋ. ಕಿವಿ ಕೇಳ್ಸಲ್ಲ ಅಂತ ಏನಾದ್ರೂ ಅಂದ್ಬಿಟ್ರೆ?” ಅಂತಿದ್ದಾಳೆ. ಪಕ್ಕದಲ್ಲಿ ಕೂತರೆ ನಾನು ಸುಮ್ಮನಿರುವವನಲ್ಲ, ನಿನ್ನ ಉತ್ತರವನ್ನೂ ನಾನೇ ಹೇಳಿಬಿಡುತ್ತೇನೆ. ನೀನು ಬೇಡ ಅಂದದ್ದು ಸರಿ. ಆದರೆ ಅದಕ್ಕೆ ಊಟ ಬಿಟ್ಟು ಎದ್ದು ಹೋಗಬೇಕಿರಲಿಲ್ಲ.

ಅಮ್ಮನನ್ನು ಬಾಗಲೂರಿಗೆ, ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಇಲ್ಲೇ ಇದ್ದರೆ ಅವಳು ಗಳಿಗೆಗೊಮ್ಮೆ ಬಂದು ಇಣುಕುತ್ತಾಳೆ. ಚಿತ್ರಾನ್ನ ಮಾಡಿಟ್ಟಿದ್ದಾಳೆ, ತಿಂದೇ ಕೂತುಕೋ.

ಪ್ರಶ್ನೆ ಕೇಳುವವರು ಗಡಿಯಾರ ನೋಡಿದರೂ ನೀನು ಕೈ ಅವಸರ ಮಾಡಬೇಡ. ಹೇಳಬೇಕಾದ್ದನ್ನೆಲ್ಲ ಪೂರ್ತಿ ಹೇಳು. ಅವರು ಕಾಯಲಿ.

ಮಣಿ ಅಣ್ಣ