ದೂಜನ ಕೌಂಟರಿನ ಕವರ್

೪ ಜುಲೈ ೧೯೯೧

ಮತ್ತೆ ನೀಲಕಂಠಪ್ಪನ ಕೈಚಳಕ. ಸೋಮವಾರ ನಾನು ಬರೆದಿಟ್ಟ ಬಿಲ್ಲಿಂಗ್ ರುಟೀನ್ ಮಾಯ. ಫ್ಲಾಪಿ ಇಡುವ ಕವರಿನೊಳಗೆ ಚೀಟಿ: ‘ತಪ್ಪಿತ್ತು, ತೆಗೆದೆ.’ ತಪ್ಪಂತೆ. ಮಲಾಡಿನ ಔಷಧಿ ಸೇಠ್‌ಗೆ ಈ ಪ್ರೋಗ್ರಾಂ ಶುರು ಮಾಡಿದವಳು ನಾನು. ಈತ ಆಮೇಲೆ ಬಂದು ವಕ್ಕರಿಸಿದವನು.

ಸೇಠ್‌ನ ಕಟ್ಟಪ್ಪಣೆ — ಸೋರ್ಸ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಒಂದೇ ಫ್ಲಾಪಿಯಲ್ಲಿರಬೇಕು, ಕಾಪಿ ಕೂಡದು, ಅಂಗಡಿಯಲ್ಲೂ ಇಡಕೂಡದು. ಎದುರಂಗಡಿಯವನ ಕೈಸೇರೀತೆಂಬ ಭಯ. ಹಾಗಾಗಿ ಪಾರ್ಲೆ ಸ್ಟೇಷನ್ನಿನ ಹತ್ತಿರದ ಹೋಟೆಲಿನ ಕ್ಯಾಶಿಯರ್ ದೂಜನೇ ನಮ್ಮ ಲಾಕರ್. ಸರದಿ ಬಂದವರು ಕವರ್ ಒಯ್ಯಬೇಕು, ಕೆಲಸ ಮುಗಿಸಿ ತಂದಿಡಬೇಕು. ಪರಸ್ಪರ ಮುಖ ನೋಡುವ ಕರ್ಮ ಇಲ್ಲ.

೯ ಜುಲೈ

ಅಷ್ಟು ಬೇಗ ಹೇಗೆ ಬದಲಾಯಿಸುತ್ತಾನೆ? ಮನೆಯಲ್ಲಿ ಒಂದು ಕಾಪಿ ಇಟ್ಟಿದ್ದಾನೆ, ಖಂಡಿತ. ಕಳ್ಳ. ಇನ್ನು ಆತನಿಗೆ ಕವರ್ ಕೊಡಬೇಡಿ ಎಂದು ದೂಜನಿಗೆ ಹೇಳಿ ಬಂದೆ. ‘ಆಯ್ತು ಕೌಸಲ್ಯಮ್ಮ’ ಅಂದ. ನಕ್ಕನೋ ಏನೋ.

೧೦ ಜುಲೈ, ಸಂಜೆ

ದೂಜ ನನಗೂ ಕವರ್ ಕೊಡಲಿಲ್ಲ.

‘ಎಂತ ಮಾಡುದು? ಅವ್ರೂ ಹಾಗೇ ಹೇಳಿ ಹೋಗಿದ್ದಾರೆ. ನೀವು ಮನೆಯಲ್ಲಿ ಕಾಪಿ ಇಟ್ಟಿದ್ದೀರಂತೆ. ಇಬ್ರೂ ಒಟ್ಟಿಗೆ ಬನ್ನಿ, ಕೊಡ್ತೇನೆ.’

ನಾನು ಕಳ್ಳಿಯಂತೆ. ಮೈಯೆಲ್ಲ ಉರಿಯಿತು. ಆತನ ಪಕ್ಕ ನಿಂತು ಕೈಚಾಚಬೇಕೆ? ಅಲ್ಲೇ ಕೊಳೆಯಲಿ ಕವರ್.

೮ ಆಗಸ್ಟ್

ಸೇಠ್‌ನ ಫೋನ್. ‘ಸೋಮ್‌ವಾರ್ ತಕ್ ಬಿಲ್ ಪರ್ ಎಕ್ಸ್‌ಪೈರಿ ಡೇಟ್ ಚಾಹಿಯೇ. ನಹೀಂ ತೋ ದೂಸರಾ ಆದ್ಮೀ ದೇಖೂಂಗಾ.’ ಸೋಮವಾರದೊಳಗೆ ಬಿಲ್ಲಿನ ಮೇಲೆ ಔಷಧಿಯ ಅವಧಿ ಮುಗಿಯುವ ದಿನ ಬರಬೇಕು, ಇಲ್ಲದಿದ್ದರೆ ಬೇರೆಯವರನ್ನು ಹುಡುಕುತ್ತಾನಂತೆ.

ಎರಡು ವರ್ಷ ಬರೆದದ್ದೆಲ್ಲ ಆ ಕವರಿನಲ್ಲಿದೆ. ಈ ಕೆಲಸ ಹೋದರೆ ಮತ್ತೆ ಟೈಪಿಂಗ್ ಕ್ಲಾಸಿನಲ್ಲಿ ಪಾಠ ಹೇಳಬೇಕು. ಭಯವಾಗುತ್ತಿದೆ. ಹಲ್ಲು ಕಚ್ಚಿ ಜೋಗೇಶ್ವರಿಯಲ್ಲಿರುವ ನೀಲಕಂಠಪ್ಪನಿಗೆ ಫೋನ್ ಮಾಡಿದೆ. ಶನಿವಾರ ಹತ್ತಕ್ಕೆ, ದೂಜನ ಕೌಂಟರ್. ‘ಹ್ಞೂಂ’ ಅಂತ ಇಟ್ಟುಬಿಟ್ಟ.

೧೦ ಆಗಸ್ಟ್

ದೂಜ ಇಬ್ಬರನ್ನೂ ಎದುರು ನಿಲ್ಲಿಸಿ ಕವರ್ ಕೊಟ್ಟ. ಚಹಾದ ಹಬೆ, ಒಂದು ತಿಂಗಳ ಮಳೆ — ಮೆತ್ತಗಾಗಿತ್ತು. ಆತನೊಬ್ಬನ ಕೈಗೆ ಬಿಡಲಾರೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿ ಬಿಟ್ಟು ಆತನ ಜೊತೆಗೇ ಜನರಲ್‌ನಲ್ಲಿ ನೂಕಿಸಿಕೊಂಡು ಮಲಾಡಿಗೆ ಹೋದೆ.

ಅಂಗಡಿಯ ಕಂಪ್ಯೂಟರಿನ ಡ್ರೈವ್ ಗರಗರ ಎಂದಿತು. ಓದಲಿಲ್ಲ. ಮತ್ತೆ ಹಾಕಿದೆ. ಇಲ್ಲ. ತೆಗೆದು ನೋಡಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬಿಳಿ ಬೂಷ್ಟು.

ನೀಲಕಂಠಪ್ಪನ ದನಿ ಸಣ್ಣಗಾಯಿತು. ‘ಖರೇ ಹೇಳ್ರಿ. ಮನ್ಯಾಗ ಒಂದ್ ಕಾಪಿ ಇಟ್ಟೀರಿ, ಹೌದಿಲ್ಲೊ? ನಾ ಯಾರಿಗೂ ಹೇಳಂಗಿಲ್ಲ.’

‘ನನ್ನ ಹತ್ತಿರ ಇಲ್ಲ. ನಿಮ್ಮ ಹತ್ತಿರ ಇದೆಯಲ್ಲ?’

ತಲೆಯಾಡಿಸಿದ. ಕಣ್ಣಲ್ಲಿ ನೀರು. ಈತ ಕಳ್ಳನಾಗಿರಲಿ ಎಂದು ದೇವರನ್ನು ಬೇಡಿಕೊಂಡೆ. ಅಲ್ಲ. ನಿಯತ್ತಿನ ಮನುಷ್ಯ, ದರಿದ್ರದವನು.

ಸೇಠ್ ಒಳಗೆ ಬಂದ. ‘ಹೋ ಗಯಾ?’ ಕೆಲಸ ಮುಗಿಯಿತೇ ಎಂದು.

ನೀಲಕಂಠಪ್ಪ ಬಾಯಿ ತೆರೆಯುವ ಮೊದಲೇ, ಕಾಪಿ ಈತನ ಮನೆಯಲ್ಲಿದೆ, ಕೇಳಿ ಎಂದು ನಾನು ಹೇಳಿಬಿಟ್ಟೆ — ‘ಇನ್ಕೇ ಘರ್ ಪೇ ಕಾಪಿ ಹೈ. ಪೂಛೋ.’

ಆಗ ಆತ ನನ್ನತ್ತ ತಿರುಗಿ, ಕಣ್ಣೊರೆಸಿಕೊಂಡು, ನನ್ನತ್ತಲೇ ಬೆರಳು ತೋರಿಸಿ ಸೇಠ್‌ಗೆ ಅದನ್ನೇ ಹೇಳಿದ — ‘ನಹೀಂ, ಇನ್ಕೇ ಘರ್ ಪೇ ಹೈ.’