ಕ್ಲಚ್ ಇಲ್ಲದ ಗಾಡಿ

ನವೆಂಬರ್ 3, ಸೋಮವಾರ. ಬೆಳಿಗ್ಗೆ

ಗಾಡಿ ತೊಳೆದಾಯಿತು. ಇವತ್ತೂ ಬಕೆಟ್ ನಾನೇ ಹಿಡಿದೆ, ಗೇಟಿನ ಹೊರಗೆ — ಕುಂಬಾರಕೊಪ್ಪಲಿನವರೆಲ್ಲ ನೋಡಲಿ ಅಂತ. ಹಳೆಯ ಕರಿ ಎಸ್‌ಯುವಿ ಎಕ್ಸ್‌ಚೇಂಜಿಗೆ ಹೋಯಿತು. ಅದೂ ದೊಡ್ಡದೇ. ಇದು ಅದರಪ್ಪ. ಬಿಳಿ, ಟಾಪ್ ಮಾಡೆಲ್, ಆಟೋಮ್ಯಾಟಿಕ್, ನೆತ್ತಿ ಮೇಲೆ ಸನ್‌ರೂಫ್, ಸೀಟಿನೊಳಗಿಂದಲೇ ತಂಗಾಳಿ. ಹಳ್ಳಿ ಸ್ಕೂಲಲ್ಲಿ ಏಳನೇ ಕ್ಲಾಸ್ ಓದಿದವನು ತಗೊಂಡಿದ್ದು. ಇಂಜಿನಿಯರುಗಳು ಬಂದು ಮುಟ್ಟಿ ನೋಡಿ ಹೋಗುತ್ತಾರೆ.

ಮಧ್ಯಾಹ್ನ

ಬಸವೇಶ್ವರ ಗುಡಿ ಮುಂದೆ ಗಾಡಿ ಪೂಜೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಐನೋರು ಬಾನೆಟ್ ಮುಂದೆ ನಿಂತು ಮಂಗಳಾರತಿ ಎತ್ತಿದರು. ಹಣ್ಣಿನ ಮೇಲೆ ಚಕ್ರ ಹತ್ತಿಸಲು ಹಳೆಯ ಗಾಡಿಯ ಲೆಕ್ಕದಲ್ಲೇ ಆಕ್ಸಿಲರೇಟರ್ ಒತ್ತಿದೆ. ಎಡಗಾಲು ಕ್ಲಚ್ ಹುಡುಕಿತು... ಇದರಲ್ಲಿ ಕ್ಲಚ್ಚೇ ಇಲ್ಲ. ಗಾಡಿ ನೆಗೆಯಿತು. ಐನೋರು ತಟ್ಟೆ ಬಿಸಾಕಿ ಜಗಲಿ ಮೇಲೆ ಹಾರಿದರು. ತಟ್ಟೆ ಚಪ್ಪಟೆ.

"ಏನ್ರೀ ವಾಗೀಶಪ್ಪ, ನಿಂಬೆಹಣ್ಣು ಸಾಲ್ದು ಅಂತ ನನ್ನೂ ಅರೀತಿದ್ರಾ?"

"ಪಿಕಪ್ ನೋಡಿದ್ರಾ ಐನೋರೇ! ಬೇಕಂತ್ಲೇ ತೋರ್ಸಿದ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆವರೆಗೂ ಆಮೆಯಂತೆ ಓಡಿಸಿಕೊಂಡು ಬಂದೆ.

ನವೆಂಬರ್ 6, ಗುರುವಾರ

ಅಭ್ಯಾಸಕ್ಕೆ ಅಂತ ರಾಜೀವನಗರದ ಕಡೆ ಒಬ್ಬನೇ ಹೋದೆ. ತರಕಾರಿ ತಳ್ಳುಗಾಡಿ ಅಡ್ಡ ಬಂತು. ಎಡಗಾಲು ತನ್ನ ಪಾಡಿಗೆ ತಾನು ಎದ್ದು, ಕ್ಲಚ್ ಅಂದುಕೊಂಡು ಬ್ರೇಕನ್ನು ಒದೆಯಿತು. ಹಣೆ ಸ್ಟೀರಿಂಗಿಗೆ ಬಡಿಯಿತು. ಹಿಂದಿನ ಬೈಕಿನವನು ಸ್ವಲ್ಪದರಲ್ಲಿ ಉಳಿದ. ಬೈದು ಹೋದ. ಕೈ ಮುಗಿದೆ — ನಾನು!

ಹಣೆಗೆ ಏನಾಯ್ತು ಅಂದಳು ನನ್ನ ಹೆಂಡತಿ ಪುಟ್ಟಬಸಮ್ಮ. ಸನ್‌ರೂಫ್ ತಾಗಿತು ಅಂದೆ.

ನವೆಂಬರ್ 11, ಮಂಗಳವಾರ

ಮಠಕ್ಕೆ ಹೋಗಿದ್ದೆ. ಆಟೋದಲ್ಲಿ. ಕಡೇ ಕಾರ್ತಿಕ ಸೋಮವಾರ ನಮ್ಮ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ. ಸುಮ್ಮನೆ ಅಡ್ಡಬಿದ್ದು ಬರಬಾರದಿತ್ತೆ? "ಗುಡಿಯಿಂದ ಮನೆಗಂಟ ಹೊಸ ಗಾಡೀಲಿ ನಾನೇ ಕರ್ಕೊಂಡು ಬತ್ತೀನಿ ಬುದ್ಧಿ" ಅಂದುಬಿಟ್ಟೆ. ಬುದ್ಧಿಯವರು ನಕ್ಕು ಆಗಲಿ ಅಂದರು.

ಮನೆಗೆ ಬಂದ ಮೇಲೆ ಹೊಳೆಯಿತು. ಗಾಡಿ ಮುಂದೆ ಕಳಶ ಹಿಡಿದ ಹೆಣ್ಣುಮಕ್ಕಳು ನಡೆಯುತ್ತಾರೆ. ಬಂಪರಿಗೂ ಅವರ ಬೆನ್ನಿಗೂ ಒಂದು ಮಾರು ಜಾಗ. ಗಾಡಿಗೆ ಹತ್ತಿರದ ಸಾಲಿನಲ್ಲಿ ಲಾಸ್ಯ — ಅಣ್ಣನ ಮಗ ವಿಶ್ವನಾಥನ ಮಗಳು. ಇನ್ನೂ ಹಾಲುಹಲ್ಲು ಬಿದ್ದು ಮುಗಿದಿಲ್ಲ.

"ಬೇಕಿದ್ರೆ ನಾನು ಓಡಿಸ್ತೀನಿ ಚಿಕ್ಕಪ್ಪ" ಅಂದ ವಿಶ್ವನಾಥ.

ಹೂಂ ಅನ್ನಬೇಕಿತ್ತು. "ಸ್ಕೂಟಿ ಗಿರಾಕಿ, ಸುಮ್ನಿರೋ" ಅಂದೆ.

ನವೆಂಬರ್ 14, ಶುಕ್ರವಾರ

ಐಡಿಯಾ! ಎಂಜಿನ್ ಆಫ್. ನ್ಯೂಟ್ರಲ್. ಭಕ್ತರೇ ತಳ್ಳಿಕೊಂಡು ಬರಲಿ. ಗುರುಸೇವೆ ಅಂದರೆ ಯಾರು ಬೇಡ ಅಂತಾರೆ? ಹೇಳಿದೆ. ಐನೋರ ಕಣ್ಣಲ್ಲಿ ನೀರು ಬಂತು. "ಎಂಥಾ ಭಕ್ತಿ ಕಣ್ರೀ ನಿಮ್ಮದು" ಅಂದರು. ರಾತ್ರಿ ಎರಡು ಮುದ್ದೆ ಉಂಡೆ.

ನವೆಂಬರ್ 16, ಭಾನುವಾರ

ಟ್ರಯಲ್ ಮಾಡಿದೆವು. ವಿಶ್ವನಾಥನೂ ಅವನ ಗೆಳೆಯರೂ ತಳ್ಳಿದರು. ನಮ್ಮ ಬೀದಿ ಇಳಿಜಾರು. ನಡೆಯುವಾಗ ಗೊತ್ತೇ ಆಗುವುದಿಲ್ಲ. ಗಾಡಿಗೆ ಗೊತ್ತಾಯಿತು. ಹುಡುಗರ ಕೈ ತಪ್ಪಿಸಿಕೊಂಡು ಹೊರಟಿತು. ಬ್ರೇಕ್ ತುಳಿದೆ — ಕಲ್ಲು. ಎರಡೂ ಕಾಲಲ್ಲಿ ನಿಂತೆ. ಸ್ಟೀರಿಂಗೂ ತಿರುಗದು. ಮನೆ ಕಟ್ಟುತ್ತಿರುವವರ ಮರಳ ರಾಶಿಗೆ ಮೂಗು ಹೂತು ನಿಂತಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಯಾರೂ ಇರಲಿಲ್ಲ, ಶಿವನೇ.

"ಎಂಜಿನ್ ಆಫ್ ಆದ್ರೆ ಬ್ರೇಕು ಗಟ್ಟಿ ಆಗ್ಬುಡ್ತದೆ ಚಿಕ್ಕಪ್ಪ" ಅಂದ ವಿಶ್ವನಾಥ, ಮರಳು ಕೊಡವುತ್ತ. "ತಳ್ಳೋ ಆಟ ಎಲ್ಲಾ ಬ್ಯಾಡ. ನೀವೇ ಓಡ್ಸಿ. ನಿಮಗೇನು ಹೊಸದಾ?"

ಊಟ ಸೇರಲಿಲ್ಲ. ಕೂತಲ್ಲೇ ಎಡಗಾಲು ನೆಲ ಒತ್ತುತ್ತಿದೆ.

ನವೆಂಬರ್ 17, ಸೋಮವಾರ. ಬೆಳಿಗ್ಗೆ

ಓಲಗದವರು ಬಂದರು. ಪುಟ್ಟಬಸಮ್ಮ ಬಾಗಿಲಿಗೆ ತೋರಣ ಕಟ್ಟಿಸುತ್ತಿದ್ದಾಳೆ. ಲಾಸ್ಯ ಹೊಸ ಲಂಗ ಉಟ್ಟು, ಕಳಶ ಹಿಡಿದು ನಡುಮನೆಯಲ್ಲಿ ನಡೆದು ತೋರಿಸಿದಳು. ಮೆಲ್ಲಗೆ. ಕಣ್ಣೆಲ್ಲ ಕಳಶದ ಮೇಲೆ.

"ಹಿಂದೆ ತಿರುಗಿ ನೋಡ್ಬಾರ್ದಂತೆ ತಾತ. ನೀರು ಚೆಲ್ತದಂತೆ."

"ಹಾರ್ನ್ ಹೊಡುದ್ರೆ?"

"ಆಗ್ಲೂ ನೋಡಲ್ಲ. ಹಿಂದೆ ನೀನೇ ತಾನೆ ಇರೋದು."

ರೂಮಿಗೆ ಬಂದು ಕೂತಿದ್ದೇನೆ. ವಿಶ್ವನಾಥನನ್ನು ಕೂಗಿದೆ. ಬಂದು ಬಾಗಿಲಲ್ಲಿ ನಿಂತಿದ್ದಾನೆ. ಕೀ ನನ್ನ ಎಡಗೈಯಲ್ಲಿದೆ, ಬೆವರಿಗೆ ಜಾರುತ್ತಿದೆ.

"ಏನ್ ಬರೀತಾ ಕುಂತ್ರಿ ಚಿಕ್ಕಪ್ಪ? ಬುದ್ಧಿಯವರು ಗುಡಿ ಹತ್ರ ಬಂದಾಯ್ತು."

ತಲೆ ಎತ್ತುವುದಿಲ್ಲ. ಅವನ ಮುಖ ನೋಡಿದರೆ ಬಾಯಿ ಮತ್ತೆ ಜಂಬ ಕೊಚ್ಚುತ್ತದೆ. ಮೊದಲು ಬರೆಯುತ್ತೇನೆ. ಬರೆದದ್ದನ್ನೇ ಓದಿ ಹೇಳುತ್ತೇನೆ... ವಿಶ್ವ, ನಂಗೆ ಈ ಗಾಡಿ ಓಡ್ಸಕ್ಕೆ ಭಯ ಕಣೋ. ಕೀ ತಗೋ.