ನನ್ನ ಕನಸಿಗೆ ಮಾತ್ರ ಬಾರದ ಅಕ್ಕನಿಗೆ

ಸುಗುಣಕ್ಕ,

ಕ್ಷೇಮ ವಿಚಾರಿಸುವ ಪದ್ಧತಿ ಸತ್ತವರಿಗೂ ಹೊಂದುವುದಿಲ್ಲ, ಸಿಟ್ಟಲ್ಲಿ ಬರೆಯುವವರಿಗೂ ಹೊಂದುವುದಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ನೀನು ಹೋಗಿ ಐದು ತಿಂಗಳಾಯಿತು. ಇಷ್ಟರಲ್ಲಿ ಕಂಡಕಂಡವರ ಕನಸಿಗೆಲ್ಲ ಹೋಗಿ ಬಂದೆ. ಬ್ರಹ್ಮಾವರದ ಈ ಮನೆಯ ಚಾವಡಿಯಲ್ಲಿ, ನಿನ್ನ ಪಕ್ಕದ ಮಗ್ಗದಲ್ಲಿ ಕುಳಿತು ಮೂವತ್ತೊಂದು ವರ್ಷ ಸೀರೆ ನೇಯ್ದ ತಂಗಿಯ ಕನಸಿಗೆ ಬರಲು ಮಾತ್ರ ನಿನಗೆ ಪುರಸೊತ್ತಿಲ್ಲ. ಇದೆಂಥ ನ್ಯಾಯ ಮಾರಾಯ್ತಿ?

ಮೊದಲು ಹೋದದ್ದು ಅಮಿತತ್ತಿಗೆಯ ಕನಸಿಗೆ. ನಿನ್ನ ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದು ವಾರವಾಗಿರಲಿಲ್ಲ. ಬೆಳಿಗ್ಗೆ ಚಾ ಸೋಸುತ್ತ, "ಸುಗುಣಕ್ಕ ಬಂದಿದ್ರ್ ಕಾಣ್, ಹಾಲುಬಾಯಿ ತಿನ್ಕ್ ಅಂತಿದ್ರ್" ಎಂದರು. ಹಾಲುಬಾಯಿಯಂತೆ! ಬೆಲ್ಲ ಕಾಯಿಸುವ ವಾಸನೆಗೇ ಮೂಗು ಮುಚ್ಚಿ ಹಿತ್ತಿಲಿಗೆ ಓಡುತ್ತಿದ್ದವಳು ನೀನು. ಹಾಗೆಂದು ಹೇಳಿದರೆ, "ಸತ್ತೋರ ಆಸೆ ನಮ್ಗೆ ಹ್ಯಾಂಗ್ ಗೊತ್ತಾತ್ತ್?" ಎಂದು ನನ್ನ ಬಾಯಿ ಮುಚ್ಚಿಸಿದರು. ಹಾಲುಬಾಯಿ ಮಾಡಿ, ಎಲೆ ಹಾಕಿ ಬಡಿಸಿ, ನೀನು ಉಣ್ಣಲೆಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಬಾಗಿಲು ತೆರೆದ ಮೇಲೆ ನಾಲ್ಕು ತುಂಡು ತಿಂದವರು ಅಮಿತತ್ತಿಗೆಯೇ.

ಆಮೇಲೆ ಕಿರಿಮಂಜೇಶ್ವರದ ಚಿಕ್ಕಮ್ಮನ ಸರದಿ. ವರ್ಷಕ್ಕೊಮ್ಮೆ ಮುಖ ನೋಡುತ್ತಿದ್ದ ಅವರಿಗೆ ನಿನ್ನ ಮಂಡಿನೋವು ಗುಣವಾದ ಸುದ್ದಿ ಹೇಳಿದೆಯಂತೆ. ಆ ಮಂಡಿಗೆ ದಿನಾ ಎಣ್ಣೆ ತಿಕ್ಕಿದವಳು ನಾನು! "ನಿಂಗೆ ಕನಸ್ ಬೀಳ್ಲಿಲ್ಯಾ ವನಜ?" ಎಂದು ಕೇಳಿದರು. ಇಲ್ಲವೆಂದೆ. ಚಿಕ್ಕಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಸಿಟ್ಟ್ ಇಟ್ಕಂಡ್ ಹೋದೋರ್ ಕನಸಂಗ್ ಬತ್ರಿಲ್ಲೆ ಕಾಣ್" ಎಂದರು.

ಆ ಮಾತು ಎದೆಗೆ ನಾಟಿತು. ಕಡೆಯ ಎರಡು ದಿನ ನಾವು ಮಾತು ಬಿಟ್ಟದ್ದು ನಮ್ಮಿಬ್ಬರಿಗೇ ಗೊತ್ತು. ತಪ್ಪು ನಿನ್ನದು, ಇವತ್ತೂ ಹೇಳುತ್ತೇನೆ. ಕಲಿಯಲು ಬಂದ ಹುಡುಗಿಯರ ಎದುರು, "ಮೂವತ್ತ್ ವರ್ಷ ಆಯ್ತ್, ಇವ್ಳ್ ಅಂಚ್ ಇನ್ನೂ ನೆಟ್ಟಗೆ ಬತ್ತಿಲ್ಲೆ" ಎಂದು ನಗಾಡಿದೆಯಲ್ಲ, ಅದು ಬೇಕಿತ್ತೇ? ಆ ಮಕ್ಕಳೂ ಬಾಯಿಗೆ ಸೆರಗು ಹಿಡಿದು ನಕ್ಕವು. ನಾನು ಮಾತು ಬಿಟ್ಟೆ. ನೀನೂ ಬಿಟ್ಟೆ, ನಿನಗೇನು ಬಿಗುಮಾನ ಕಡಿಮೆಯೇ! ಎರಡು ದಿನ ಚಾವಡಿಯಲ್ಲಿ ಲಾಳಿಗಳ ಸದ್ದು ಮಾತ್ರ. ಮೂರನೆಯ ಬೆಳಿಗ್ಗೆ ನಿನ್ನ ಮಗ್ಗ ನಿಂತಿತು. ನಾನು ತಲೆ ಎತ್ತಲಿಲ್ಲ. ನೂಲು ಕಡಿದಿರಬೇಕು, ಏನಾಯಿತೆಂದು ಕೇಳಿದರೆ ನಾನು ಸೋತ ಹಾಗೆ ಅಂದುಕೊಂಡು ಇನ್ನೂ ಒಂದು ಗೇಣು ನೇಯ್ದೆ ಅಕ್ಕ. ಆಮೇಲೆ ನೋಡಿದೆ.

ಇದನ್ನು ಯಾರಿಗೂ ಹೇಳಿಲ್ಲ.

ಹೋದ ತಿಂಗಳು ಪ್ರೇಮಾನಂದಣ್ಣನ ಕನಸಿಗೆ ಬಂದು, "ನನ್ ಮಗ್ಗ ಕಿತ್ತ್ ಹಾಕಿ, ಅದ್ ಇಪ್ಪಲ್ಲಿವರೆಗೆ ನಂಗೆ ಬಿಡುಗಡೆ ಇಲ್ಲೆ" ಎಂದೆಯಂತೆ. ಆಹಾ! ಮಗ್ಗ ಕಿತ್ತು, ಕಾಲಿಡುವ ಗುಂಡಿ ಮುಚ್ಚಿ, ಚಾವಡಿಯ ಆ ಬದಿ ಒಡೆದರೆ ಅಣ್ಣನ ಮಗ ರೂಪೇಶನ ಹೊಸ ಕಾರು ಸರಿಯಾಗಿ ಹಿಡಿಸುತ್ತದೆ. ಕಾರು ಬುಕ್ ಮಾಡಿದ್ದು ಕನಸಿಗಿಂತ ಮೊದಲೇ. ಆದರೆ ಕನಸಿಗೆ ಸಾಕ್ಷಿ ಕೇಳುವುದುಂಟೇ? ಸೋಮವಾರ ಆಚಾರಿ ಬರುತ್ತಾನೆ ಎಂದ ಅಣ್ಣ. ನನಗೆ ಮೈಯೆಲ್ಲ ಉರಿಯಿತು. ಊಟದ ಬಟ್ಟಲು ಕೆಳಗಿಟ್ಟು ಹೇಳಿದೆ: "ನಂಗೂ ಬಂದಿದ್ಲ್. ಮಗ್ಗ ವನಜಂಗೆ, ಯಾರೂ ಮುಟ್ಟೂಕಾಗ ಅಂತ ಹೇಳ್ದ್ಲ್."

ಶುದ್ಧ ಸುಳ್ಳು. ಅಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅಮಿತತ್ತಿಗೆ ನನ್ನ ಕೈ ಹಿಡಿದು ಗಳಗಳನೆ ಅತ್ತರು, "ಕಡೆಗೂ ಬಂದ್ರಲ್ಲೆ! ನಗಾಡ್ತಾ ಇದ್ರಾ?" ನಗುತ್ತಿದ್ದಳು ಎಂದೆ. ಮಗ್ಗಕ್ಕಾಗಿ ಹೇಳಿದ ಸುಳ್ಳಿಗೆ ನನಗೆ ಬೇಸರವಿಲ್ಲ, ಇನ್ನೊಮ್ಮೆಯೂ ಹೇಳುತ್ತೇನೆ. ನೀನು ನಗುತ್ತಿದ್ದೆ ಎಂಬ ಈ ಎರಡನೆಯ ಸುಳ್ಳು ಮಾತ್ರ ಗಂಟಲಿನಿಂದ ಇಳಿಯುತ್ತಿಲ್ಲ.

ಮಗ್ಗ ಉಳಿಯಿತು, ಕಾರು ಅಂಗಳದ ಬಿಸಿಲಲ್ಲಿ ನಿಂತಿದೆ. ಆದರೆ ನನ್ನನ್ನು ಈಗ ಯಾರೂ ಏನೂ ಕೇಳುವುದಿಲ್ಲ. ಅವರ ಪಾಲಿಗೆ ನೀನು ಬಂದದ್ದೂ ಆಯಿತು, ನಕ್ಕದ್ದೂ ಆಯಿತು, ವನಜಳ ದುಃಖ ತೀರಿತು. ನಾನು ಮಾತ್ರ ದಿನಾ ಊಟವಾದ ಮೇಲೆ ಚಾಪೆ ಹಾಸಿ ಕಣ್ಣು ಮುಚ್ಚುತ್ತೇನೆ, ಎದ್ದು ಮುಖ ತೊಳೆಯುತ್ತೇನೆ. ನಾಳೆ ನೀನು ನಿಜವಾಗಿಯೂ ಬಂದರೆ ಯಾರ ಹತ್ತಿರ ಹೇಳಲಿ? ಹೇಳಿ ಆಗಿದೆ.

ಹೇಳಬೇಕೆಂದೂ ಇಲ್ಲ, ಬಿಡು. ಎಲೆ ಹಾಕಿ ಬಡಿಸುವುದಿಲ್ಲ, ಮಗ್ಗದ ಮಾತು ತೆಗೆಯುವುದಿಲ್ಲ. ಕ್ಷಮಿಸಿದ್ದೇನೆ ಎಂದು ನೀನು ಹೇಳುವುದೂ ಬೇಡ, ನಾನೂ ನಿನ್ನನ್ನು ಪೂರ್ತಿ ಕ್ಷಮಿಸಿಲ್ಲ. ಮುಖ ಊದಿಸಿಕೊಂಡೇ ಬಾ. ಬೈಯಲಿಕ್ಕಾದರೂ ಬಾ. ನೀನು ಬಂದದ್ದನ್ನು ಈ ಸಲ ಒಂದು ನರಪಿಳ್ಳೆಗೂ ಹೇಳುವುದಿಲ್ಲ.

ಇದ್ದಲ್ಲಿ ತಣ್ಣಗಿರು.

ಸಿಟ್ಟಿಳಿಯದ ನಿನ್ನ ತಂಗಿ,
ವನಜ